ಹೊಟ್ಟೆಕಿಚ್ಚಿನ ಗುರುವಾರ

ಆ ಆಸ್ಪತ್ರೆಯಲ್ಲಿ ಅವರಿಬ್ಬರಿಗೆ ಮಾತಾಡಲು ಸಿಗುತ್ತಿದ್ದದ್ದು ದಿನಕ್ಕೆ ಹತ್ತು ನಿಮಿಷ.

ಮಧ್ಯಾಹ್ನ ಎರಡಕ್ಕೆ ಬೆಳಗಿನ ಡ್ಯೂಟಿಯವರು ಮಧ್ಯಾಹ್ನದವರಿಗೆ ವಾರ್ಡು ಒಪ್ಪಿಸಬೇಕು. ಒಂದೊಂದೇ ಮಂಚದ ಮುಂದೆ ನಿಂತು ಯಾರಿಗೆ ಎಷ್ಟು ಜ್ವರ, ಯಾರಿಗೆ ಎಷ್ಟು ಗಂಟೆಗೆ ಇಂಜೆಕ್ಷನ್ ಎಂದು ಹೇಳಬೇಕು. ಪುಷ್ಪಲತಾ ಬೆಳಗಿನ ಡ್ಯೂಟಿ. ಗುರುಶಾಂತ ಮಧ್ಯಾಹ್ನದ್ದು. ಅವಳು ಹೇಳುತ್ತಾ ಹೋಗುವಳು, ಅವನು ಬರೆದುಕೊಳ್ಳುತ್ತಾ ಬರುವನು. ಸ್ಟಾಫ್ ನರ್ಸು ನಾಲ್ಕು ಹೆಜ್ಜೆ ಮುಂದಾದಳೋ, ಅವನ ದನಿ ಸಣ್ಣಗಾಗುತ್ತಿತ್ತು.

"ಹನ್ನೆರಡು ಮುಗೀತು. ಹದಿಮೂರನೇ ಬೆಡ್ಡಿಂದು ಹೇಳಲೇ ಇಲ್ಲಲ್ರಿ ಸಿಸ್ಟರ್?"

ವಾರ್ಡಿನಲ್ಲಿದ್ದದ್ದೇ ಹನ್ನೆರಡು ಮಂಚ.

"ಆ ಪೇಶಂಟಿಗೆ ರಾತ್ರಿಯೆಲ್ಲಾ ನಿದ್ದಿ ಬಂದಿಲ್ರಿ ಬ್ರದರ್. ಊಟಾನೂ ಕಮ್ಮಿ."

"ಔಷಧ?"

"ದಿನಾ ಎರಡು ಗಂಟೆಗೆ ಬರ್ತದಲ್ರಿ, ನಡಕೋಂತ."

ಅವನು ಪುಸ್ತಕಕ್ಕೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ನಕ್ಕರೆ ಅವನ ಎಡಗೆನ್ನೆಯಲ್ಲಿ ಸಣ್ಣದೊಂದು ಕುಳಿ ಬೀಳುತ್ತಿತ್ತು. ಅದನ್ನೊಂದು ನೋಡಿಬಿಟ್ಟರೆ ಅವಳಿಗೆ ಮರುದಿನ ಎರಡು ಗಂಟೆಯವರೆಗೂ ಸಾಕಾಗುತ್ತಿತ್ತು.

ಅದು ಹಗರಿಬೊಮ್ಮನಹಳ್ಳಿ. ಇಸವಿ ೧೯೯೯. ಊರಾಚೆ ಒಂದು ಟ್ರಸ್ಟಿನ ಆಸ್ಪತ್ರೆ, ಅದಕ್ಕೆ ಅಂಟಿಕೊಂಡಂತೆ ಮೂರು ವರ್ಷದ ನರ್ಸಿಂಗ್ ಶಾಲೆ. ಆಫೀಸಿನ ಬಾಗಿಲಿಗೆ ಎದುರಾಗಿ ಕರಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಇಪ್ಪತ್ತೆರಡು ನಿಯಮ ಬರೆದಿದ್ದರು. ನಾಲ್ಕನೆಯದು: ವಿವಾಹಿತೆಯರಿಗೆ ಪ್ರವೇಶವಿಲ್ಲ. ಒಂಬತ್ತನೆಯದು: ಹುಡುಗರೂ ಹುಡುಗಿಯರೂ ಡ್ಯೂಟಿಯ ವಿಷಯವಲ್ಲದೆ ಬೇರೇನೂ ಮಾತಾಡಕೂಡದು. ಹದಿನೈದನೆಯದು: ತಂದೆ ಅಥವಾ ತಾಯಿ ತೀರಿಕೊಂಡರೆ ಮಾತ್ರ ಮೂರು ದಿನ ರಜೆ.

ಹದಿನೈದನೆಯ ನಿಯಮದಿಂದಲೇ ಅವರ ಪ್ರೀತಿ ಹುಟ್ಟಿದ್ದು. ಎರಡನೇ ವರ್ಷದಲ್ಲಿ ಗುಡೇಕೋಟೆಯಲ್ಲಿ ಪುಷ್ಪಲತಾಳ ಅಜ್ಜಿ ತೀರಿಕೊಂಡಳು. ತಾಯಿಯಿಲ್ಲದ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜಿ. ಪ್ರಿನ್ಸಿಪಾಲ್ ನಾಗಲಿಂಗಮ್ಮ ಅರ್ಜಿ ಓದಿ ವಾಪಸು ಕೊಟ್ಟರು. "ಅಜ್ಜಿ ಅಂತ ಇದರಾಗ ಇಲ್ಲಲ್ಲಮ್ಮ." ಕಣ್ಣು ಊದಿಸಿಕೊಂಡೇ ಅವಳು ಡ್ಯೂಟಿಗೆ ಬಂದಳು. ಅವತ್ತು ಗುರುಶಾಂತ, ಅದುವರೆಗೆ ಒಂದು ಮಾತೂ ಆಡದವನು, ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಸಿಸ್ಟರ್, ಹೆಂಗಸರ ವಾರ್ಡಿನ ಕೊನೀ ಬೆಡ್ಡಿನ ಅಜ್ಜಿ ನಿಮ್ಮನ್ನ ಕೇಳಾಕತ್ತಾಳ. ಆಕಿ ಕೂಡ ಒಂದೀಟು ಕುಂದರ್ರಿ. ಇಲ್ಲಿದು ನಾ ನೋಡ್ಕಂತೀನಿ." ಆ ಅಜ್ಜಿ ಯಾರನ್ನೂ ಕೇಳಿರಲಿಲ್ಲ. ಆದರೂ ಪುಷ್ಪಲತಾ ಹೋಗಿ ಅವಳ ಕೈ ಹಿಡಿದು ಮನಸಾರೆ ಅತ್ತಳು. ಅಜ್ಜಿಯೂ ಏನೂ ಕೇಳದೆ ತಲೆ ಸವರಿದಳು.

ಅಲ್ಲಿಂದ ಶುರುವಾದದ್ದು ಹತ್ತು ನಿಮಿಷಗಳ ಲೆಕ್ಕದಲ್ಲೇ ಒಂದು ವರ್ಷ ದಾಟಿತ್ತು.

ಕೊನೆಯ ವರ್ಷದ ಜನವರಿಯಲ್ಲಿ ಗುರುಶಾಂತ ಗುರುವಾರದ ಡ್ಯೂಟಿಯೊಂದನ್ನು ಬೆಳಗಿನ ಹೊರರೋಗಿಗಳ ವಿಭಾಗಕ್ಕೆ ಬದಲಿಸಿಕೊಂಡ. ಗುರುವಾರ ಆ ವಿಭಾಗದಲ್ಲಿ ಶೈಲಾ ಇರುತ್ತಿದ್ದಳು.

ಶೈಲಾ ಅವರದೇ ಬ್ಯಾಚಿನವಳು. ಎತ್ತರದ ಹುಡುಗಿ, ಮಾತು ಕಡಿಮೆ. ಮೊಣಕಾಲು ಮುಟ್ಟುವ ಜಡೆಯನ್ನು ಎರಡು ಸುತ್ತು ಸುತ್ತಿ ಕ್ಯಾಪಿನೊಳಗೆ ಅಡಗಿಸುತ್ತಿದ್ದಳು. ಹಾಸ್ಟೆಲಿನಲ್ಲಿ ಎಲ್ಲರೂ ಗುಂಪು ಕಟ್ಟಿ ಹರಟುವಾಗ ಅವಳೊಬ್ಬಳು ಗೋಡೆಗೆ ಮುಖ ಮಾಡಿ ಓದುತ್ತಿದ್ದಳು. ಅವಳ ಚೆಲುವು ಇಷ್ಟು ದಿನ ಪುಷ್ಪಲತಾಳಿಗೆ ತೊಂದರೆ ಕೊಟ್ಟಿರಲಿಲ್ಲ. ಈಗ ಕೊಡತೊಡಗಿತು.

ಗಂಡಸರ ವಾರ್ಡು ಮಹಡಿಯ ಮೇಲೆ. ಅದರ ಕಿಟಕಿಯಿಂದ ಕೆಳಗಿನ ವರಾಂಡ ಪೂರ್ತಿ ಕಾಣುತ್ತದೆ. ಒಂದು ಗುರುವಾರ ಅಲ್ಲಿ ನಿಂತು ಥರ್ಮಾಮೀಟರ್ ಒರೆಸುತ್ತಿದ್ದಾಗ ಅವಳು ನೋಡಿದಳು: ಗುರುಶಾಂತ ಅತ್ತಿತ್ತ ನೋಡಿ ಶೈಲಾಳ ಕೈಗೆ ಒಂದು ಪೊಟ್ಟಣ ಇಟ್ಟ. ಶೈಲಾ ಅದನ್ನು ಬಿಚ್ಚಲಿಲ್ಲ. ಮೂಗಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ನಕ್ಕಳು. ಮೂರು ವರ್ಷದಲ್ಲಿ ಪುಷ್ಪಲತಾ ಅವಳ ಹಲ್ಲು ನೋಡಿದ್ದು ಅದೇ ಮೊದಲು.

ಮಲ್ಲಿಗೆ ಇರಬೇಕು. ಕೊಟ್ಟೂರಿನ ಸಂತೆಯಿಂದ ತರಿಸಿದ್ದಿರಬೇಕು. ತನಗೆ ಒಂದು ಎಸಳು ಸಹ ಕೊಟ್ಟವನಲ್ಲ ಇವನು!

ಮರುದಿನ ಎರಡು ಗಂಟೆಗೆ ಅವಳ ದನಿಯೇ ಬೇರೆಯಿತ್ತು.

"ಬ್ರದರ್, ನಿನ್ನಿ ಕೆಳಗ ಬಾಳ ಗದ್ದಲ ಇತ್ತೇನ್ರಿ?"

"ಇತ್ರಿ ಸಿಸ್ಟರ್. ಎಲ್ಲಾ ಕೆಮ್ಮು, ನೆಗಡಿ."

"ಅಷ್ಟು ಗದ್ದಲದಾಗೂ ನಗಾಕ, ನಗಸಾಕ ಟೈಮ್ ಸಿಗತದ ಅಂದಂಗಾತು."

ಅವನು ತಲೆಯೆತ್ತಿದ. ಕುಳಿ ಬಿತ್ತು. "ಮ್ಯಾಲಿಂದ ನೋಡಾಕ ನಿಮಗೂ ಟೈಮ್ ಸಿಗತದಲ್ಲ!"

"ನೋಡೋ ಹಂಗಿದ್ರ ನೋಡ್ತಾರ."

ಅವಳು ನಗಲಿಲ್ಲವೆಂದು ಕಂಡಾಗ ಅವನ ಮುಖವೂ ಇಳಿಯಿತು. ಸ್ಟಾಫ್ ನರ್ಸು ಬಾಗಿಲ ಬಳಿ ಯಾರನ್ನೋ ಗದರುತ್ತಿದ್ದಳು. ಅವನು ಬೇಗ ಬೇಗ ಹೇಳಿದ:

"ಪುಷ್ಪಾ, ಅದೊಂದು ನನ್ನ ಕೇಳಬ್ಯಾಡ. ಅದು ನನ್ನ ಮಾತಲ್ಲ, ಇನ್ನೊಬ್ರದ್ದು. ಮಾರ್ಚಿನಾಗ ಪರೀಕ್ಷಿ ಮುಗೀಲಿ, ನಾನಾ ಕುಂತು ಹೇಳ್ತೀನಿ."

"ಇನ್ನೊಬ್ರು ಅಂದ್ರ ಶೈಲಾ?"

ಅವನು ಮುಂದಿನ ಮಂಚಕ್ಕೆ ಸರಿದ. ಹದಿಮೂರನೇ ಮಂಚದ ಸುದ್ದಿಯನ್ನು ಅವತ್ತು ಯಾರೂ ಎತ್ತಲಿಲ್ಲ.

ಆಮೇಲಿನ ಮೂರು ವಾರ ಪುಷ್ಪಲತಾಳಿಗೆ ಗುರುವಾರ ಬಿಟ್ಟು ಬೇರೆ ವಾರವೇ ಇರಲಿಲ್ಲ. ಊಟಕ್ಕೆ ಕುಳಿತರೆ ಎದುರಿಗೆ ಶೈಲಾ. ಅವಳು ಮುದ್ದೆ ಮುರಿಯುವ ರೀತಿ, ನೀರು ಕುಡಿಯುವಾಗ ಕತ್ತು ಎತ್ತುವ ರೀತಿ ನೋಡುತ್ತಾ ಇವಳ ತುತ್ತು ಕೈಯಲ್ಲೇ ಆರುತ್ತಿತ್ತು. ಕನ್ನಡಿಯ ಮುಂದೆ ನಿಂತು ತನ್ನ ಗಿಡ್ಡ ಜಡೆಯನ್ನು ಬಿಚ್ಚಿ ಹೆಣೆದು, ಬಿಚ್ಚಿ ಹೆಣೆದಳು.

ರೂಮಿನ ಗೆಳತಿ ಅಸ್ಮಾ ಒಂದು ದಿನ ತಡೆಯಲಾರದೆ ಕೇಳಿದಳು. "ಏನಾಗೇತಲೇ ನಿನಗ? ಓದಿದ ಹಾಳಿನೇ ಹತ್ತು ಸಲ ತಿರುವಾಕತ್ತೀ."

"ಅಸ್ಮಾ, ಶೈಲಾ ನನಗಿಂತ ಚೆಂದ ಅದಾಳ, ಹೌದಿಲ್ಲೋ?"

"ಅದಾಳ. ಏನೀಗ?"

ಗೆಳತಿ ಅಂದವಳು ಒಂದು ಸುಳ್ಳು ಹೇಳಬಾರದಿತ್ತೇ ಎಂದು ಪುಷ್ಪಲತಾ ಗೋಡೆಗೆ ತಿರುಗಿ ಮಲಗಿದಳು.

ಫೆಬ್ರುವರಿ ಮೊದಲ ಗುರುವಾರ ಸ್ಟಾಫ್ ನರ್ಸು ಒಂದು ಫೈಲು ತರಲು ಅವಳನ್ನು ಕೆಳಗೆ ಕಳಿಸಿದಳು. ಹೊರರೋಗಿಗಳ ಸಾಲು ಗೇಟಿನವರೆಗೂ ಬೆಳೆದಿತ್ತು. ಡ್ರೆಸ್ಸಿಂಗ್ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಗುರುಶಾಂತನ ನಗು ಕೇಳಿಸಿತು. ಪುಷ್ಪಲತಾಳ ಕಾಲು ಅಲ್ಲೇ ನಿಂತಿತು.

ಬಾಗಿಲ ಸಂದಿಯಲ್ಲಿ ಶೈಲಾ ಸ್ಟೂಲಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಮೂರು ವರ್ಷದ ಒಂದು ಹುಡುಗಿ. ಗುರುಶಾಂತ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮಗುವಿನ ಮೊಣಕಾಲಿನ ಗಾಯಕ್ಕೆ ಹತ್ತಿ ಒತ್ತುತ್ತಿದ್ದ. ಔಷಧ ಉರಿಯಿತೇನೋ, ಮಗು ಚೀರಿ ಶೈಲಾಳ ಕೊರಳಿಗೆ ಜೋತುಬಿತ್ತು.

"ಅವ್ವಾ! ಉರೀತೈತಿ ಅವ್ವಾ!"

"ಶ್! ಹಂಗನ್ನಬ್ಯಾಡ ಕೊಟ್ರಿ," ಎಂದು ಶೈಲಾ ಅದರ ಬಾಯಿ ಮುಚ್ಚಿ, ಅದೇ ಕೈಯಿಂದ ಅದರ ಕಣ್ಣೊರೆಸಿದಳು. ಗುರುಶಾಂತ ಮಗುವಿನ ಕೆನ್ನೆ ಚಿವುಟಿದ. ಅಳು ನಿಂತು ಮಗು ನಕ್ಕಿತು. ಎಡಗೆನ್ನೆಯಲ್ಲಿ ಕುಳಿ ಬಿತ್ತು.

ಅದೇ ಕುಳಿ.

ಫೈಲು ತೆಗೆದುಕೊಳ್ಳುವುದನ್ನೂ ಮರೆತು ಪುಷ್ಪಲತಾ ಮೆಟ್ಟಿಲು ಹತ್ತಿದಳು. ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ತನ್ನ ಜೊತೆ ಹತ್ತು ನಿಮಿಷ ಆಟವಾಡಿದ್ದಾನೆ. ಮಾರ್ಚಿನಲ್ಲಿ ಕುಳಿತು ಹೇಳುವುದಿದ್ದದ್ದು ಇದೇ.

ಸಂಜೆ ಪ್ರಿನ್ಸಿಪಾಲರಿಂದ ಕರೆ ಬಂತು. ನಾಗಲಿಂಗಮ್ಮ ತೆಳ್ಳನೆಯ ಹೆಂಗಸು, ಬಿಳಿ ಸೀರೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಕಾಂಪೌಂಡರ್ ಏನೋ ಚಾಡಿ ಹೇಳಿದ್ದ. ಯಾರೋ ವಿದ್ಯಾರ್ಥಿನಿ ಡ್ರೆಸ್ಸಿಂಗ್ ಕೋಣೆಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬಿಸ್ಕೀಟು ತಿನ್ನಿಸುತ್ತಿದ್ದಳಂತೆ.

"ಆ ಹೊತ್ತಿನಾಗ ನೀ ಕೆಳಗ ಹೋಗಿದ್ದಿ. ಏನು ನೋಡಿದಿ?"

'ಏನೂ ಇಲ್ಲ ಮೇಡಂ' ಎನ್ನಬಹುದಿತ್ತು. 'ಯಾವುದೋ ಪೇಶಂಟಿನ ಮಗು' ಎನ್ನಬಹುದಿತ್ತು. ಎರಡೂ ನಾಲಿಗೆಯವರೆಗೆ ಬಂದವು. ಅಷ್ಟರಲ್ಲಿ ಆ ಕೆನ್ನೆಯ ಕುಳಿ ಕಣ್ಣಿಗೆ ಕಟ್ಟಿತು.

"ಆ ಮಗು ಶೈಲಾನ್ನ ಅವ್ವಾ ಅಂತು ಮೇಡಂ," ಎಂದಳು ಪುಷ್ಪಲತಾ.

ಹೇಳುವಾಗ ಎದೆಯಲ್ಲಿ ಎಂಥದೋ ತಂಪಾಯಿತು. ಹಾಸ್ಟೆಲಿಗೆ ಬರುವಷ್ಟರಲ್ಲಿ ಆ ತಂಪು ಆರಿಹೋಗಿತ್ತು.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾಗಲಿಂಗಮ್ಮ ಯಾರನ್ನೂ ಕೂರಲು ಬಿಡಲಿಲ್ಲ. ಶೈಲಾಳನ್ನು ಮುಂದೆ ಕರೆದರು.

"ಲಗ್ನ ಆಗೇತೋ ಇಲ್ಲೋ?"

ಶೈಲಾ ಸುಳ್ಳು ಹೇಳಲಿಲ್ಲ. "ಆಗೇತ್ರಿ. ಮಗಳದಾಳ. ಇಲ್ಲಿಗೆ ಬರೋಕಿಂತ ಮೊದಲಾ ಆಗಿತ್ರಿ."

"ಅರ್ಜಿಯಾಗ ಅವಿವಾಹಿತೆ ಅಂತ ಬರದೀಯಲ್ಲ?"

"ಬರದೀನ್ರಿ. ಹಂಗ ಬರೀದಿದ್ರ ನೀವು ಸೇರಿಸ್ಕಂತಿದ್ದಿಲ್ಲ."

"ಗಂಡ ಯಾರು?"

ಪುಷ್ಪಲತಾ ಗುರುಶಾಂತನತ್ತ ನೋಡಿದಳು. ಅವನು ಹುಡುಗರ ಸಾಲಿನಿಂದ ಹೊರಬಂದು ಶೈಲಾಳ ಪಕ್ಕಕ್ಕೆ ಹೋಗಿ ನಿಂತ.

"ನಮ್ಮಣ್ಣ ಉಜ್ಜಿನಪ್ಪನ ಹೆಂಡ್ತಿ ಮೇಡಂ ಆಕಿ. ನಮ್ಮತ್ತಿಗಿ. ಸಂಡೂರಾಗ ಅದಿರಿನ ಲಾರಿ ಓಡಿಸ್ತಾನ ನಮ್ಮಣ್ಣ. ಓದಸಬೇಕು ಅಂದಾವನೂ ಅವನಾ. ತಪ್ಪು ಅಂದ್ರ ನಮ್ಮ ಮನಿಯವ್ರೆಲ್ಲರದೂ ಐತಿ. ಮಗಳ ಮಕ ನೋಡಲಿ ಅಂತ ಗುರುವಾರಕ್ಕೊಮ್ಮೆ ಚೀಟಿ ಮಾಡಿಸಿ ಪೇಶಂಟಂಗ ತರ್ತಿದ್ದಾವ ನಾನು."

ಪುಷ್ಪಲತಾಳ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕ ನೆಲಕ್ಕೆ ಬಿತ್ತು. ಅದರ ಸದ್ದಿಗೆ ಎಲ್ಲರೂ ತಿರುಗಿದರು.

"ನಿಮ್ಮ ಬ್ಯಾಚಿನ ಪುಷ್ಪಲತಾ ಖುದ್ದ ಕೇಳಿ ಬಂದು ಹೇಳ್ಯಾಳ, ಇಲ್ಲದಿದ್ರ ನೀವು ಕೊನೀತನಕ ಮುಚ್ಚಿಡತಿದ್ರಿ," ಎಂದರು ನಾಗಲಿಂಗಮ್ಮ. "ರೂಲು ಅಂದ್ರ ಥರ್ಮಾಮೀಟರ್ ಇದ್ದಂಗ. ಯಾರ ಬಾಯಾಗ ಇಟ್ರೂ ಇದ್ದದ್ದಾ ತೋರಸ್ತದ. ಶೈಲಾ, ನಿನ್ನ ಹೆಸರು ತೆಗದೀನಿ. ಗುರುಶಾಂತ, ನಿನಗ ಇಪ್ಪತ್ತು ದಿನ ಸಸ್ಪೆಂಡು."

ಇಪ್ಪತ್ತು ದಿನ ಎಂದರೆ ಹಾಜರಿ ಸಾಲದು, ಮಾರ್ಚಿನ ಪರೀಕ್ಷೆ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗುರುಶಾಂತ ವಾದಿಸಲಿಲ್ಲ. ಬಿಳಿ ಕೋಟು ಬಿಚ್ಚಿ, ಅಂಗಡಿಯಲ್ಲಿ ಮಡಿಸಿದಂತೆ ಮಡಿಸಿ, ಬೆಂಚಿನ ಮೇಲಿಟ್ಟ. ಹೊರಗೆ ಹೋಗುವಾಗ ಪುಷ್ಪಲತಾಳ ಮುಂದೆ ಒಂದು ಗಳಿಗೆ ನಿಂತ.

"ಮಾರ್ಚಿನತನಕ ತಡಿ ಅಂದಿದ್ದೆ," ಎಂದ, ಅಷ್ಟೇ.

ಅವತ್ತು ಎರಡು ಗಂಟೆಗೆ ವಾರ್ಡು ಒಪ್ಪಿಸಿಕೊಳ್ಳಲು ಬೇರೆ ಯಾರೋ ಬಂದರು.

ಹಾಸ್ಟೆಲಿನವರಿಗೆ ತಿಂಗಳಿಗೆ ಒಂದು ಭಾನುವಾರ ಹೊರಗೆ ಹೋಗಲು ಬಿಡುತ್ತಿದ್ದರು. ಆ ಭಾನುವಾರ ಪುಷ್ಪಲತಾ ಗುಡೇಕೋಟೆಗೆ ಹೋಗಲಿಲ್ಲ. ಗುರುಶಾಂತನ ಊರಾದ ತಂಬ್ರಹಳ್ಳಿಯ ಬಸ್ಸು ಹತ್ತಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಗುರುಶಾಂತ ಹಗ್ಗ ಹೊಸೆಯುತ್ತಾ ಕುಳಿತಿದ್ದ. ಅವಳನ್ನು ಕಂಡವನೇ ಎದ್ದ.

"ಯವ್ವಾ, ಎತ್ತಿಗೆ ನೀರು ಕುಡಿಸ್ಕಂಡು ಬರ್ತೀನಿ," ಎಂದು ಒಳಕ್ಕೆ ಕೂಗಿ, ಅವಳ ಪಕ್ಕದಲ್ಲೇ ಹಾದು ಹೋದ. ಅವನ ಅಂಗಿಯ ತೋಳು ಅವಳ ಸೆರಗಿಗೆ ತಾಗಿತು. ಅವನು ತಿರುಗಲಿಲ್ಲ.

ಬಾಗಿಲಿಗೆ ಬಂದ ತಾಯಿ ಬಸಲಿಂಗಮ್ಮ ಮೇಲಿಂದ ಕೆಳಗೆ ನೋಡಿದಳು. "ಆ ಹುಡುಗಿ ನೀನಾ? ಬಾ ಒಳಗ. ಬಿಸಲಾಗ ಬಂದೀ." ಒಂದು ಚೊಂಬು ಮಜ್ಜಿಗೆ ಮುಂದಿಟ್ಟು ಹಿತ್ತಲಿಗೆ ಹೋದಳು.

ಪಡಸಾಲೆಯಲ್ಲಿ ಶೈಲಾ ಮಗಳ ತಲೆ ಬಾಚುತ್ತಿದ್ದಳು. ಕೊರಳಲ್ಲಿ ತಾಳಿ ಇತ್ತು. ಅದು ಇದ್ದದ್ದಕ್ಕೋ ಏನೋ ಅವಳು ಹಾಸ್ಟೆಲಿನ ಶೈಲಾಳಿಗಿಂತ ಹತ್ತು ವರ್ಷ ದೊಡ್ಡವಳಂತೆ ಕಂಡಳು.

"ಸಿಸ್ಟರವ್ವ, ಯಾರಿದು?" ಎಂದಿತು ಮಗು. ಶೈಲಾ ಹಣಿಗೆ ನಿಲ್ಲಿಸಿದಳು.

"ಆಸ್ಪತ್ರ್ಯಾಗ ಸಿಸ್ಟರ್ ಅನ್ನು ಅಂತ ಕಲಿಸಿದ್ವಿ. ಅದು ಎರಡೂ ಕೂಡಿಸ್ಕಂಡೈತಿ," ಎಂದಳು. ಆಮೇಲೆ ಬಾಚುತ್ತಲೇ ಹೇಳಿದಳು: "ಹದಿನೇಳಕ್ಕ ಲಗ್ನ ಆತು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ನಾನು. ಇದರಪ್ಪನೇ ಅರ್ಜಿ ತಂದು ಕೊಟ್ಟ. ಅವಿವಾಹಿತೆ ಅಂತ ಐತಲ್ರಿ ಅಂದೆ. 'ಬರಿ. ಲಗ್ನ ಎಲ್ಲಿಗೆ ಓಡಿ ಹೋಗತದ?' ಅಂದ. ಇದು ಆಗ ಒಂಬತ್ತು ತಿಂಗಳ ಕೂಸು. ಮೊದಲ ಎಂಟು ದಿನ ಹಾಸ್ಟೆಲಿನ ಬಚ್ಚಲದಾಗ ನಿಂತು ಹಾಲು ಹಿಂಡಿ ಚೆಲ್ಲೀನಿ ಪುಷ್ಪಾ. ನೀ ಬಾಗಲಾ ಬಡದು ಕೇಳ್ತಿದ್ದಿ, 'ಎಷ್ಟೊತ್ತು ಒಳಗ' ಅಂತ."

ಪುಷ್ಪಲತಾಳಿಗೆ ನೆನಪಿತ್ತು. ಬಕೆಟ್ಟು ಹಿಡಿದು ನಿಂತು ಗೊಣಗಿದ್ದು ಅವಳೇ.

"ಆ ಪೊಟ್ಟಣದಾಗ..." ಎಂದು ತೊದಲಿದಳು.

"ಯಾವುದು? ಗುರುಶಾಂತ ತಂದಿದ್ದಾ? ಇದರ ಕುಲಾಯಿ. ತೊಳೀದಂಗ ತಾ ಅಂದಿದ್ದೆ. ತಲಿಯ ವಾಸನಿ ಇರ್ತದಲ್ಲ." ಈಗ ಶೈಲಾ ತಲೆಯೆತ್ತಿ ನೇರವಾಗಿ ನೋಡಿದಳು. "ಒಂದು ಕೇಳ್ತೀನಿ, ಖರೇ ಹೇಳು. ನೀ ಮೇಡಂಗೆ ಹೇಳಿದ್ದು ರೂಲಿನ ಸಲುವಾಗಿ ಅಲ್ಲ. ಹೊಟ್ಟಿಕಿಚ್ಚಿಗೆ?"

"ಹೂಂ."

"ನನ್ನ ಮ್ಯಾಲೆ?"

"ಹೂಂ. ಅವನ ಮಗಳು ಅಂದ್ಕಂಡೆ. ಕೆನ್ನಿ ಕುಳಿ ನೋಡಿ."

ಶೈಲಾ ಇದ್ದಕ್ಕಿದ್ದಂತೆ ನಕ್ಕಳು. "ಇವರ ವಂಶಕ್ಕೇ ಐತಿ ಆ ಕುಳಿ. ನಮ್ಮತ್ತಿಗೂ ಐತಿ ನೋಡು, ಆಕಿ ನಕ್ಕಾಗ." ನಗುತ್ತಲೇ ಅವಳ ಕಣ್ಣು ತುಂಬಿ ಹರಿಯಿತು. "ನನ್ನ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟಾಕಿ ನೀ ಒಬ್ಬಾಕಿನಾ ಪುಷ್ಪಾ. ಆದ್ರ ನನ್ನ ಮೂರು ವರ್ಷ ಹೋತು. ಅತ್ತು ಕರೆದು ನಿನ್ನ ಮಾಫ್ ಮಾಡಾಕಿ ಅಲ್ಲ ನಾನು. ಏನರ ಮಾಡೋದಿದ್ರ ಮಾಡು."

ಪುಷ್ಪಲತಾ ಕೊನೆಯ ಬಸ್ಸಿನವರೆಗೂ ಕಾದಳು. ಎತ್ತಿಗೆ ನೀರು ಕುಡಿಸಲು ಹೋದವನು ಬರಲೇ ಇಲ್ಲ.

ಸೋಮವಾರ ಪ್ರಾರ್ಥನೆ ಮುಗಿದೊಡನೆ ಪುಷ್ಪಲತಾ ಸಾಲು ಬಿಟ್ಟು ಮುಂದೆ ಬಂದಳು.

"ಮೇಡಂ, ಎಲ್ಲರ ಮುಂದ ಒಂದು ಮಾತು ಹೇಳಬೇಕ್ರಿ. ಶೈಲಾನ ವಿಷಯ ನಾ ಹೇಳಿದ್ದು ನಿಮ್ಮ ರೂಲಿನ ಸಲುವಾಗಿ ಅಲ್ರಿ. ನನಗ ಗುರುಶಾಂತನ ಮ್ಯಾಲೆ ಮನಸೈತಿ. ಒಂದು ವರ್ಷ ಆತು. ಶೈಲಾ ಅವನ ಹೆಂಡ್ತಿ ಅಂತ ತಿಳಕಂಡು ಹೊಟ್ಟಿಕಿಚ್ಚಿಗೆ ಹೇಳಿಬಿಟ್ಟೆ."

ಹುಡುಗಿಯರ ಸಾಲಿನಲ್ಲಿ ಗುಸುಗುಸು ಎದ್ದಿತು. ನಾಗಲಿಂಗಮ್ಮ ಕೈಯೆತ್ತಿ ಸುಮ್ಮನಿರಿಸಿದರು.

"ಏನು ಮಾತಾಡಾಕತ್ತೀ ಅಂತ ಗೊತ್ತೈತೇನು ನಿನಗ?"

"ಗೊತ್ತೈತ್ರಿ. ಒಂಬತ್ತನೇ ರೂಲು. ಅದನ್ನ ಮುರದೀನಿ. ನಾಲ್ಕನೇದು ಮುರದಾಕಿನ್ನ ಹೊರಗ ಹಾಕೀರಿ, ನನ್ನನ್ನೂ ಹಾಕ್ರಿ. ಇಲ್ಲಂದ್ರ ಆಕಿನ್ನ ಒಳಗ ಕರೀರಿ. ಆಕಿ ಮೂರು ವರ್ಷ ಒಂದು ಇಂಜೆಕ್ಷನ್ ತಪ್ಪು ಕೊಟ್ಟಾಕಿ ಅಲ್ಲ. ಲಗ್ನ ಆದ ಕೈಯಿ ಅಂತ ಯಾವ ಪೇಶಂಟಿಗೂ ತ್ರಾಸಾಗಿಲ್ಲ. ಆಕಿ ಬರೋತನಕ ನಾ ಹಾಲ್ ಟಿಕೆಟ್ ತಗಳಂಗಿಲ್ರಿ."

ಅಸ್ಮಾ ಸಾಲಿನಿಂದ ಹೊರಬಂದು ಗೆಳತಿಯ ಪಕ್ಕ ನಿಂತಳು. "ನಾನೂ ತಗಳಂಗಿಲ್ರಿ ಮೇಡಂ," ಎಂದು ಹೇಳಿ, ಪುಷ್ಪಲತಾಳ ಕಿವಿಯಲ್ಲಿ, "ಒಂದು ವರ್ಷದಿಂದ ನನಗೂ ಹೇಳಿಲ್ಲಲ್ಲಲೇ ಕಳ್ಳಿ!" ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಮತ್ತೊಬ್ಬಳು. ಹುಡುಗರ ಸಾಲಿನಲ್ಲಿ ಉಳಿದಿದ್ದ ಮೂವರೂ ಬಂದರು. ಅವರ ಬ್ಯಾಚಿನಲ್ಲಿ ನಾಲ್ಕು ಜನ ಮಾತ್ರ ಹೆದರಿ ಹಿಂದೆಯೇ ನಿಂತರು. ಅವರ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ. ಎಲ್ಲರ ಮೂಲ ಅಂಕಪಟ್ಟಿಗಳೂ ಆಫೀಸಿನ ಬೀರುವಿನಲ್ಲಿ, ಪ್ರಿನ್ಸಿಪಾಲರ ಬೀಗದೊಳಗಿದ್ದವು.

ನಾಗಲಿಂಗಮ್ಮ ಒಳಗೆ ಹೋದರು. ಹತ್ತು ದಿನ ಯಾವ ಸುದ್ದಿಯೂ ಇರಲಿಲ್ಲ. ಹನ್ನೊಂದನೇ ದಿನ ಪುಷ್ಪಲತಾಳನ್ನು ಕರೆದು ಒಂದು ಕಾಗದ ಮುಂದೆ ತಳ್ಳಿದರು.

ಟ್ರಸ್ಟಿನ ಕಮಿಟಿಯ ತೀರ್ಮಾನ. ಶೈಲಾಳ ಹೆಸರನ್ನು ಮತ್ತೆ ಸೇರಿಸಲಾಗಿದೆ. ಆದರೆ ಹೊರಗಿದ್ದ ದಿನಗಳೆಲ್ಲ ಗೈರುಹಾಜರಿ. ಹಾಜರಿ ಸಾಲದ ಕಾರಣ ಮಾರ್ಚಿನ ಪರೀಕ್ಷೆಗೆ ಕೂರುವಂತಿಲ್ಲ, ಸೆಪ್ಟೆಂಬರಿಗೆ ಕೂರಬಹುದು. ನಾಲ್ಕನೆಯ ನಿಯಮ ಹಾಗೆಯೇ ಇರುತ್ತದೆ. ಪುಷ್ಪಲತಾ ಒಂಬತ್ತನೆಯ ನಿಯಮ ಮುರಿದದ್ದಾಗಿ ತಾನೇ ಒಪ್ಪಿಕೊಂಡಿರುವುದರಿಂದ ಇಪ್ಪತ್ತು ದಿನ ಸಸ್ಪೆಂಡು.

"ನಿನ್ನ ಹಾಜರಿನೂ ಸಾಲಂಗಿಲ್ಲ ಈಗ," ಎಂದರು ನಾಗಲಿಂಗಮ್ಮ. "ಬಾಯಿ ಮುಚ್ಚಿದ್ರ ನಿನ್ನ ಪರೀಕ್ಷಿ ಉಳೀತಿತ್ತು."

"ಗೊತ್ತಿತ್ರಿ ಮೇಡಂ."

"ನಾ ರೂಲು ಮುರಿಯಾಕಿ ಅಲ್ಲ. ಮೂವತ್ತು ವರ್ಷದಾಗ ಒಂದೂ ಮುರದಿಲ್ಲ." ಅವರು ಬೀಗದ ಗೊಂಚಲನ್ನು ಒಂದು ಸಲ ತಿರುವಿದರು. "ಕಮಿಟಿಗೆ ಒಂದು ಪತ್ರ ಬರದೆ. ಶೈಲಾನಂಥಾ ನರ್ಸು ಹೋದ್ರ ನಷ್ಟ ಆಸ್ಪತ್ರಿಗೆ ಅಂತ. ಪತ್ರ ಬರೀಬಾರ್ದು ಅಂತ ಯಾವ ರೂಲಾಗೂ ಇಲ್ಲ. ಹೋಗು, ಟ್ರಂಕು ಕಟ್ಟು."

ಗುಡೇಕೋಟೆಯಲ್ಲಿ ಅದು ಹುಣಸೆಯ ಕಾಲ. ಅಪ್ಪ ಬೊಮ್ಮಪ್ಪನಿಗೆ ಅವಳು ಎಲ್ಲವನ್ನೂ ಹೇಳಿದಳು, ಗುರುಶಾಂತನ ಹೆಸರೊಂದನ್ನು ಬಿಟ್ಟು. ಅವನು ಬಹಳ ಹೊತ್ತು ಬೀಡಿ ಸೇದಿ, "ಮಾಡಿದ್ದು ತಪ್ಪು. ತಿದ್ದಿದ್ದು ಚಲೋ ಆತು," ಎಂದು ಹೊಲಕ್ಕೆ ಹೋದ. ದಿನಗಳು ಹುಣಸೆ ಬಿಡಿಸುವುದರಲ್ಲಿ ಕಳೆದವು. ಎರಡು ಗಂಟೆಯಾದರೆ ಮಾತ್ರ ಅವಳ ಕೈ ನಿಲ್ಲುತ್ತಿತ್ತು. ಅವನೀಗ ವಾರ್ಡಿಗೆ ಮರಳಿರಬೇಕು. ಯಾರಿಂದ ಒಪ್ಪಿಸಿಕೊಳ್ಳುತ್ತಿರಬಹುದು? ಅವಳ ಜೊತೆಯೂ ನಗುತ್ತಿರಬಹುದೇ? ಪಾಠ ಕಲಿತ ಮೇಲೂ ಹೊಟ್ಟೆಕಿಚ್ಚು ಬಿಟ್ಟುಹೋಗುವುದಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಒಂದು ಭಾನುವಾರ ಕೂಡ್ಲಿಗಿಯಿಂದ ಸೋದರಮಾವನ ಮಗ ಗಾದಿಲಿಂಗಪ್ಪ ಬಂದಿದ್ದ. ತಾಲೂಕು ಕಚೇರಿಯಲ್ಲಿ ಗುಮಾಸ್ತ, ಮಾತಿನ ಮಲ್ಲ. ಕಟ್ಟೆಯ ಮೇಲೆ ಅವಳ ಎದುರು ಕುಳಿತು ಹುಣಸೆ ಬೀಜ ಎಣಿಸಿ ಏನೋ ಜೋಕು ಹೇಳುತ್ತಿದ್ದ. ಅವಳು ಬಹಳ ದಿನಗಳ ಮೇಲೆ ನಕ್ಕಳು. ನಗುತ್ತಾ ತಲೆಯೆತ್ತಿದರೆ ಬೀದಿಯಲ್ಲಿ ಗುರುಶಾಂತ ನಿಂತಿದ್ದ. ಕೈಯಲ್ಲಿ ಒಂದು ಚೀಲ. ಮುಖ ಬಿಸಿಲಿಗೆ ಕೆಂಪಾಗಿತ್ತೋ ಬೇರೆ ಯಾವುದಕ್ಕೋ.

"ಸೆಪ್ಟೆಂಬರಿನ ಅರ್ಜಿ ಬಂದಾವು. ಅತ್ತಿಗಿ ಕೊಟ್ಟು ಬಾ ಅಂದ್ಲು," ಎಂದ ಅವನು, ಗಾದಿಲಿಂಗಪ್ಪನನ್ನು ನೋಡುತ್ತಾ.

ಗಾದಿಲಿಂಗಪ್ಪ ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ನೀರು ತರ್ತೀನಿ," ಎಂದು ಒಳಗೆ ಹೋದ.

"ಯಾರವ?" ಎಂದ ಗುರುಶಾಂತ.

"ಯಾವನು?"

"ಆ ಹುಣಸಿ ಎಣಸೋನು."

"ನಮ್ಮ ಮಾವನ ಮಗ."

"ಲಗ್ನ ಆಗೇತೇನು ಅವಗ?"

"ಇಲ್ಲ."

"ಬಾಳ ಹಲ್ಲು ತೋರಸ್ತಾನ," ಎಂದ. ಅರ್ಜಿಯನ್ನು ಚೀಲದಿಂದ ತೆಗೆಯಲು ಹೋಗಿ ಎರಡು ಸಲ ಬೀಳಿಸಿದ.

ಪುಷ್ಪಲತಾ ಬಾಗಿ ಅರ್ಜಿ ಎತ್ತಿಕೊಂಡಳು. ನಗು ತಡೆಯಲು ತುಟಿ ಕಚ್ಚಿದಳು. ಆದರೂ ಕಣ್ಣು ತುಂಬಿಬಂತು. "ನನ್ನ ಮಕ ನೋಡಬಾರ್ದು ಅಂತ ಎತ್ತಿಗೆ ನೀರು ಕುಡಿಸಾಕ ಹೋದಾವ ನೀನು. ಈಗ ಯಾಕ ಬಂದಿ?"

ಅವನು ಕಟ್ಟೆಯ ಅಂಚಿನಲ್ಲಿ ಕುಳಿತ. "ಪ್ರಾರ್ಥನ್ಯಾಗ ನೀ ಹೇಳಿದ್ದನ್ನ ಅಸ್ಮಾ ಅತ್ತಿಗಿಗೆ ಹೇಳ್ಯಾಳ. ಅತ್ತಿಗಿ ನನಗ. ಒಂದು ವರ್ಷ ನಾನೂ ಆ ಮಾತು ಬಾಯಿಬಿಟ್ಟು ಆಡಿರಲಿಲ್ಲ. ನೀ ನೂರು ಮಂದಿ ಮುಂದ ಆಡಿಬಿಟ್ಟಿ." ಒಂದು ಹುಣಸೆ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡಿದ. "ಬಸ್ಸಿನಾಗ ಬರೋವಾಗ ಬಾಳ ಮಾತು ಜೋಡಿಸ್ಕಂಡಿದ್ದೆ. ಬೈಬೇಕು ಅಂತ ಒಂದೀಟು, ಆಮ್ಯಾಲ ರಮಿಸಬೇಕು ಅಂತ ಒಂದೀಟು. ಅವನ ಮುಂದ ನೀ ನಗೋದು ನೋಡಿದ ಕೂಡಲೇ ಎಲ್ಲಾ ಮರತು ಹೋತು. ಮೈಯೆಲ್ಲಾ ಉರದುಬಿಡ್ತು."

"ನನಗ ಮೂರು ವಾರ ಹಂಗಾಗಿತ್ತು."

"ಮೂರು ವಾರ ಹೆಂಗ ತಡಕಂಡಿ?"

"ತಡಕಳ್ಳಲಿಲ್ಲಲ್ಲ," ಎಂದಳು ಅವಳು.

ಸೆಪ್ಟೆಂಬರಿನಲ್ಲಿ ಮೂವರೂ ಪರೀಕ್ಷೆ ಬರೆದರು, ಶೈಲಾ ಶಾಲೆಗೇ ಮೊದಲಿಗಳಾದಳು. ಆದರೆ ಅದೆಲ್ಲ ಆಮೇಲಿನ ಸಂಗತಿ. ಆ ಭಾನುವಾರ ಕೂಡ್ಲಿಗಿಗೆ ಹೋಗುವ ಕೊನೆಯ ಬಸ್ಸು ನಾಲ್ಕಕ್ಕೇ ಇತ್ತು. ಗುರುಶಾಂತನನ್ನು ಕಳಿಸಲು ಅವಳು ಬಂದಳು. ಜೊತೆಗೆ ಗಾದಿಲಿಂಗಪ್ಪನೂ ಬಂದ. ತಾನು ಇವತ್ತು ಇಲ್ಲೇ ಉಳಿದು ನಾಳೆ ಬೆಳಿಗ್ಗೆ ಹೋಗುವುದಾಗಿ ಬೇಕೆಂದೇ ಎರಡು ಸಲ ಹೇಳಿದ.

ಬಸ್ಸು ಬಂತು. ಗುರುಶಾಂತ ಹತ್ತಿದ. ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡಿದ. ಪುಷ್ಪಲತಾ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಗಾದಿಲಿಂಗಪ್ಪ 'ಹೋಗಿ ಬರ್ರಿ' ಎಂದು ಹಲ್ಲು ತೋರಿಸಿ ಕೈ ಬೀಸುತ್ತಿದ್ದ. ಬಸ್ಸು ಹತ್ತು ಮಾರು ಹೋಗಿ ಗಕ್ಕನೆ ನಿಂತಿತು. ಕಂಡಕ್ಟರು ಬೈಯುತ್ತಿರುವುದು ಕೇಳಿಸಿತು. ಧೂಳಿನೊಳಗಿಂದ ಗುರುಶಾಂತ ಚೀಲ ಹೆಗಲಿಗೇರಿಸಿಕೊಂಡು ನಡೆದು ಬಂದ.

"ಏನು ಬಿಟ್ಟಿದ್ದಿ?" ಎಂದಳು ಅವಳು.

"ಏನೂ ಇಲ್ಲ. ಮುಂದಿನ ಬಸ್ಸಿಗೆ ಹೋಗ್ತೀನಿ."

"ಮುಂದಿನ ಬಸ್ಸು ನಾಳಿ ಮುಂಜಾನಿಗೆ."

"ಗೊತ್ತೈತಿ." ಅವನು ಗಾದಿಲಿಂಗಪ್ಪನತ್ತ ಒಮ್ಮೆ ನೋಡಿ, ಅವಳ ಪಕ್ಕಕ್ಕೆ ಬಂದು ನಿಂತ. "ನಿಮ್ಮಪ್ಪ ಹೊಲದಿಂದ ಎಷ್ಟೊತ್ತಿಗೆ ಬರ್ತಾರ? ಅವ್ರನ್ನ ಕಾಣಬೇಕು ನಾನು. ಸೆಪ್ಟೆಂಬರ್ ಮುಗಿದ ಮರುದಿನ ಲಗ್ನ ಅಂತ ಇವತ್ತಾ ಕೇಳ್ತೀನಿ. ಆರು ತಿಂಗಳು ಬೇಕಾದ್ರ ರೂಲಿನಂಗ ನಿನ್ನ ಕೂಡ ಒಂದು ಮಾತೂ ಆಡಂಗಿಲ್ಲ. ಆದ್ರ ಕೇಳಲಾರದ ಮಾತ್ರ ಹೋಗಂಗಿಲ್ಲ."

ಗಾದಿಲಿಂಗಪ್ಪ ಗಟ್ಟಿಯಾಗಿ ನಕ್ಕು, "ನಮ್ಮ ಮಾವಗ ಬೀಡಿ ಅಂದ್ರ ಬಾಳ ಪ್ರೀತಿ, ಒಂದು ಕಟ್ಟು ತಗಂಡು ಬರ್ರಿ," ಎಂದು ಅಂಗಡಿಯ ಕಡೆ ಕೈ ತೋರಿಸಿದ. ಗುರುಶಾಂತ ಬೀಡಿ ಕೊಳ್ಳಲು ಹೋದ. ಪುಷ್ಪಲತಾ ನೋಡುತ್ತಿದ್ದಳು. ಅಂಗಡಿಯಲ್ಲಿದ್ದ ಹುಡುಗಿ ಚಿಲ್ಲರೆ ಕೊಡುತ್ತಾ ಅವನಿಗೆ ಏನೋ ಹೇಳಿ ನಕ್ಕಳು.

"ಬರ್ತೀಯೋ ಇಲ್ಲೋ ಬೇಗ!" ಎಂದು ಪುಷ್ಪಲತಾ ಇಡೀ ಬೀದಿಗೆ ಕೇಳುವಂತೆ ಕೂಗಿದಳು.